ನೂಲು ಸುತ್ತಿದ ನಲವತ್ತು ಡಬ್ಬಿ

ಸ್ಕ್ರೂಗಳು ನಾಲ್ಕಿದ್ದವು. ಒಂದೊಂದನ್ನೇ ಬಿಚ್ಚಿ ಸ್ಟೀಲು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟೆ. ತಗಡಿನ ಮುಚ್ಚಳವನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ, ಫ್ಯಾನಿನ ವೈರು ಎಳೆದುಕೊಳ್ಳದಂತೆ ಪಕ್ಕಕ್ಕೆ ಒರಗಿಸಿದೆ. ಆಮೇಲೆ ಒಳಗಿನ ಬೋರ್ಡನ್ನು ಮೇಲೆತ್ತಿ, ಜೊತೆಗೆ ತಂದಿದ್ದ ಬಲ್ಬಿನ ಎರಡು ವೈರುಗಳನ್ನು, ಕರೆಂಟು ಹಿಡಿದಿಡುವ ದೊಡ್ಡ ಕೆಪಾಸಿಟರಿನ ಕಾಲುಗಳಿಗೆ ಮುಟ್ಟಿಸಿದೆ. ಬಲ್ಬು ಹತ್ತಲಿಲ್ಲ. ಒಳಗೆ ಕರೆಂಟು ಉಳಿದಿರಲಿಲ್ಲ, ಇನ್ನು ಬೆರಳಿಡಬಹುದಿತ್ತು. ಅತ್ತೆ ನನ್ನೆದುರು ಚಾಪೆಯ ಮೇಲೆ ಕೂತು, ಎರಡೂ ಕೈಗಳನ್ನು ಯಾರೋ ಇಟ್ಟುಹೋದ ಸಾಮಾನಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಾಗಿಲ ಬಳಿ ಅಂಗಡಿಯ ತಿಪ್ಪೇಶಣ್ಣ, ಅವನ ಪಕ್ಕದ ಕುರ್ಚಿಯಲ್ಲಿ ಶಾಲೆಯ ಹಾಲಪ್ಪ ಮೇಷ್ಟ್ರು. ವಸ್ತುವನ್ನು ಬಿಚ್ಚಿ ನೋಡುವಾಗ ಯಾರೂ ಮಾತಾಡಬಾರದು. ಮೇಷ್ಟ್ರು ಕೆಮ್ಮು ಬಂದಾಗಲೂ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು.

ಅದು ಕಂಪ್ಯೂಟರಿನೊಳಗೆ ಕೂರುವ ಎಸ್‌ಎಂಪಿಎಸ್ ಡಬ್ಬಿ. ಗೋಡೆಯ ಕರೆಂಟನ್ನು ತಗ್ಗಿಸಿ, ಹದ ಮಾಡಿ, ಉಳಿದ ಭಾಗಗಳಿಗೆ ಹಂಚುವುದು ಅದರ ಕೆಲಸ. ಶಾಲೆಗೆ ಎಲ್ಲಿಂದಲೋ ನಲವತ್ತು ಹಳೆಯ ಕಂಪ್ಯೂಟರುಗಳು ಬಂದಿದ್ದವು. ಯಾವುದರಲ್ಲೂ ಈ ಡಬ್ಬಿ ಇರಲಿಲ್ಲ. ಮೇಷ್ಟ್ರ ಕೈಯಲ್ಲಿದ್ದ ದುಡ್ಡಿಗೆ ಆಗುವಂತೆ ತಿಪ್ಪೇಶಣ್ಣ ನಲವತ್ತು ಹೊಸ ಡಬ್ಬಿ ತರಿಸಿದ್ದ, ಎಲ್ಲಕ್ಕಿಂತ ಅಗ್ಗದವು. ಅವು ಶಾಲೆಯ ಬಾಗಿಲು ದಾಟುವ ಮುಂಚೆ ಅತ್ತೆ ಅವುಗಳ ಮೇಲೆ ಕೈಯಿಡಬೇಕಿತ್ತು.

ನಮ್ಮೂರಿನಲ್ಲಿ ಒಂದು ವಸ್ತುವಿನ ಮೇಲೆ ಅಂಗೈಯಿಟ್ಟು ‘ಒಳ್ಳೇದು’ ಎಂದವರು ಅದರ ಕೇಡನ್ನು ಹೊರುತ್ತಾರೆ. ಬಾವಿಯ ಹಗ್ಗ ಹರಿದರೆ ಇಳಿಯುತ್ತಿದ್ದವನು ಹುಲ್ಲಿನ ಮೆದೆಯ ಮೇಲೆ ಬಿದ್ದಂತೆ ಬಿದ್ದು ಎದ್ದು ಬರುತ್ತಾನೆ. ಆ ಹಗ್ಗಕ್ಕೆ ಕೈಯಿಟ್ಟವಳು ತನ್ನ ಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದರೂ ಅವಳ ಮೊಣಕಾಲು ಅಲ್ಲೇ ಮುರಿಯುತ್ತದೆ. ಹಾಗಾಗಿ ನಮ್ಮಲ್ಲಿ ಬಟ್ಟೆ ಅಂಗಡಿಯವನು ಸೀರೆ ಹರಡಿ ‘ಸೀರೆ ಇದೆ ನೋಡಿ’ ಎಂದಷ್ಟೇ ಹೇಳುತ್ತಾನೆ. ಊಟಕ್ಕೆ ಕೂತವರು ಎಲೆಯಿಂದ ಕೈ ತೆಗೆದ ಮೇಲೆ ‘ಹೊಟ್ಟೆ ತುಂಬ್ತು’ ಅನ್ನುತ್ತಾರೆ. ಹೆಣ್ಣು ನೋಡಲು ಹೋದವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ‘ಆಗಬಹುದು’ ಎಂದು ಎದ್ದು ಬರುತ್ತಾರೆ. ತಾಯಂದಿರು ಮಕ್ಕಳ ತಲೆ ಬಾಚುವಾಗ ಬಾಯಲ್ಲಿ ಪಿನ್ನು ಕಚ್ಚಿಕೊಂಡಿರುತ್ತಾರೆ.

ಹತ್ತು ಜನ ಬಳಸುವ ಯಾವುದನ್ನೂ ಕೈಯಿಡಿಸದೆ ತರಬಾರದೆಂದು ಊರಿನ ಕಟ್ಟಲೆ. ಮೊದಲು ಬೀದಿಗೊಬ್ಬರು ಕೈಯಿಡುವವರಿದ್ದರು. ಅವರಲ್ಲಿ ಉಳಿದವಳು ನನ್ನ ಸೋದರತ್ತೆ ಸಾಕಮ್ಮ ಒಬ್ಬಳೇ. ಹತ್ತು ವಸ್ತು ತಂದುಕೊಟ್ಟರೆ ಅವಳು ಒಂಬತ್ತನ್ನು ಹಿಂದೆ ಕಳಿಸುತ್ತಾಳೆ, ಅದಕ್ಕೇ ಉಳಿದಿದ್ದಾಳೆ. ಆದರೂ ಒಂದು ಕಿವಿ ಭಜನೆ ಮನೆಯ ಮೈಕಿನ ಜೊತೆ ಹೋಯಿತು. ಎಡಗಾಲಿನ ಎರಡು ಬೆರಳು ಹಿಟ್ಟಿನ ಗಿರಣಿಯ ಬೆಲ್ಟಿನ ಜೊತೆ ಹೋದವು. ನಾಲ್ಕು ವರ್ಷದ ಹಿಂದೆ ಸಹಕಾರ ಸಂಘದ ತಕ್ಕಡಿ ಕೆಟ್ಟಾಗ ಎರಡೂ ಕೈಗಳ ಸ್ಪರ್ಶ ಹೋಯಿತು. ಬಿಸಿ ತಣ್ಣಗೆ, ನುಣುಪು ಒರಟು, ಏನೂ ಗೊತ್ತಾಗುವುದಿಲ್ಲ. ಅಂದಿನಿಂದ ನಾನು ಅವಳ ಬೆರಳು. ಬಿಚ್ಚುವುದು, ಮುಟ್ಟುವುದು, ಮೂಸುವುದು, ನೋಡುವುದು ನಾನು. ನೋಡಿದ್ದನ್ನು ಅವಳ ಬಲಗಿವಿಯಲ್ಲಿ ಹೇಳುತ್ತೇನೆ. ಅವಳು ಕೈಯಿಡುತ್ತಾಳೆ, ಇಲ್ಲವೇ ಎದ್ದು ಹೋಗುತ್ತಾಳೆ.

ಕರೆಂಟಿನ ವಸ್ತುಗಳ ಕೇಡು ಎದೆಗೆ ಬರುತ್ತದೆ. ಹೋದ ಆಷಾಢದಲ್ಲಿ ಅಂಗನವಾಡಿಯ ಫ್ಯಾನಿನ ರೆಗ್ಯುಲೇಟರು ಸುಟ್ಟಿತು. ಬೆಂಕಿಪೆಟ್ಟಿಗೆಯಷ್ಟು ಸಣ್ಣ ವಸ್ತು. ಅತ್ತೆ ನೀರು ಕುಡಿಯುತ್ತಿದ್ದವಳು ಹಾಗೇ ಗೋಡೆಗೆ ಒರಗಿದಳು. ಅವಳ ನಾಡಿ ಹಿಡಿದು ನಾನು ಹತ್ತರವರೆಗೆ ಎಣಿಸಿದೆ, ಒಂದು ಬಡಿತವೂ ಇರಲಿಲ್ಲ. ಹನ್ನೊಂದಕ್ಕೆ ಬಂತು. ಅವಳು ಕಣ್ಣು ಬಿಟ್ಟು, “ಯಾಕೇ ಹಂಗೆ ಮುಖ ಮಾಡ್ಕಂಡಿದೀಯ, ಹಾಲು ಉಕ್ತಾ?” ಅಂದಳು. ಆ ರೆಗ್ಯುಲೇಟರನ್ನು ನೋಡಿ ಅವಳ ಕಿವಿಯಲ್ಲಿ ‘ಆಗಬಹುದು’ ಎಂದಿದ್ದು ನಾನು. ಅದಾದ ಮೇಲೆ ಯಾವ ವಸ್ತುವನ್ನು ಬಿಚ್ಚಲು ಕೂತರೂ ಮೂರು ಮೂರು ಸಲ ನೋಡುತ್ತೇನೆ.

ನಾನು ಮೊದಲಿನಿಂದಲೂ ಹೆದರುಪುಕ್ಕಲಿಯೇ. ಆರನೇ ಕ್ಲಾಸಿನಲ್ಲಿದ್ದಾಗ ಬೇರೆ ಊರಿನಿಂದ ವರ್ಗವಾಗಿ ಬಂದ ಟೀಚರೊಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು ‘ಒಳ್ಳೇ ಹುಡುಗಿ’ ಅಂದುಬಿಟ್ಟರು. ಅವರಿಗೆ ಇಲ್ಲಿನದು ಗೊತ್ತಿರಲಿಲ್ಲ. ತರಗತಿಯೆಲ್ಲ ಉಸಿರು ಬಿಗಿಹಿಡಿದು ಅವರನ್ನೇ ನೋಡಿತು. ಅಂದಿನಿಂದ ನಾನು ಲೆಕ್ಕ ತಪ್ಪಿದರೆ, ಸುಳ್ಳು ಹೇಳಿದರೆ, ತಮ್ಮನ ಪಾಲಿನ ಬೆಲ್ಲ ತಿಂದರೆ ಆ ಟೀಚರಿಗೆ ಏನಾಗುವುದೋ ಎಂದು ನಡುಗುತ್ತಿದ್ದೆ. ಅವರು ಒಮ್ಮೆ ಸೀನಿದರೂ ನನ್ನಿಂದಲೇ ಅನ್ನಿಸುತ್ತಿತ್ತು. ಕೊನೆಗೆ ಶಾಲೆಗೆ ಹೋಗುವುದನ್ನೇ ಬಿಟ್ಟೆ. ಮನೆಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ. ನಮ್ಮೂರಿನಲ್ಲಿ ಇಂಥ ಕಾರಣಕ್ಕೆ ಶಾಲೆ ಬಿಟ್ಟವಳು ನಾನೊಬ್ಬಳೇ ಅಲ್ಲ.

ಡಬ್ಬಿಯ ಕಡೆಗೆ ಬರುತ್ತೇನೆ. ಆ ದಿನ ಬೆಳಿಗ್ಗೆ ತಿಪ್ಪೇಶಣ್ಣನ ಅಂಗಡಿಯ ನಡುಮನೆಯಲ್ಲಿ ನಲವತ್ತನ್ನೂ ಐದೈದರಂತೆ ಪೇರಿಸಿಟ್ಟಿದ್ದರು. ಬಿಚ್ಚಿ ನೋಡಲು ಒಂದನ್ನು ಕೊಳ್ಳುವವರೇ ಆರಿಸಿಕೊಡಬೇಕು. ಮೇಷ್ಟ್ರು ಹತ್ತಿರದ ಸಾಲಿನ ಮೇಲಿದ್ದುದನ್ನು ಎತ್ತಿ ನನ್ನ ಮುಂದಿಟ್ಟಿದ್ದರು.

ಗೋಡೆಯ ಕರೆಂಟು ಒಳಗೆ ಬರುವ ಮೂಲೆಯಿಂದ ನೋಡತೊಡಗಿದೆ. ಅಲ್ಲಿ ತಾಮ್ರದ ತಂತಿ ಸುತ್ತಿದ ಎರಡು ಸುರುಳಿಗಳಿದ್ದವು. ಅಗ್ಗದ ಡಬ್ಬಿಯಲ್ಲಿ ಮೊದಲು ಬಿಟ್ಟುಬಿಡುವುದು ಇವನ್ನೇ. ಬೋರ್ಡಿನ ಮೇಲೆ ಅವುಗಳ ಜಾಗ ಅಚ್ಚಾಗಿರುತ್ತದೆ, ಸುರುಳಿ ಮಾತ್ರ ಇರುವುದಿಲ್ಲ, ಒಂದು ತುಂಡು ತಂತಿ ಬೆಸೆದು ಮುಗಿಸಿರುತ್ತಾರೆ. ಇಲ್ಲಿ ಎರಡೂ ಇದ್ದವು. ಫ್ಯೂಸು ಗಾಜಿನದು, ಒಳಗಿನ ಎಳೆ ಕಾಣುತ್ತಿತ್ತು. ದೊಡ್ಡ ಕೆಪಾಸಿಟರುಗಳ ಪ್ಲಾಸ್ಟಿಕ್ ಹೊದಿಕೆಯ ಅಂಚನ್ನು ಉಗುರಿನಿಂದ ಎಬ್ಬಿಸಿದೆ. ಕೆಲವರು ಸಣ್ಣದಕ್ಕೆ ದೊಡ್ಡದರ ಅಂಗಿ ತೊಡಿಸಿ ಕೂರಿಸುತ್ತಾರೆ. ಇಲ್ಲಿ ಅಂಗಿ ಒಂದೇ, ಅಳತೆಗೆ ಸರಿಯಾದದ್ದು. ಟ್ರಾನ್ಸ್‌ಫಾರ್ಮರು ನನ್ನ ಮುಷ್ಟಿಯ ಅರ್ಧದಷ್ಟಿತ್ತು. ಶಾಖ ಹೀರುವ ಅಲ್ಯೂಮಿನಿಯಂ ಪಟ್ಟಿಗಳು ದಪ್ಪಗಿದ್ದವು, ಬೆರಳಿಗೆ ಬಾಗಲಿಲ್ಲ. ಬೋರ್ಡನ್ನು ತಿರುವಿದೆ. ಗೋಡೆ ಕರೆಂಟಿನ ಕಡೆಗೂ ಕಂಪ್ಯೂಟರಿನ ಕಡೆಗೂ ನಡುವೆ, ಎರಡು ಹೊಲಗಳ ನಡುವಿನ ಬದುವಿನಂತೆ, ಏನೂ ಇಲ್ಲದ ಖಾಲಿ ಪಟ್ಟಿ ಇರಬೇಕು. ಅದು ನನ್ನ ಕಿರುಬೆರಳಿನಷ್ಟು ಅಗಲವಿತ್ತು. ಬೆಸುಗೆಯ ಕಾಳುಗಳು ಹೊಳೆಯುತ್ತಿದ್ದವು. ಯಾವುದೂ ಪಕ್ಕದ್ದನ್ನು ಮುಟ್ಟಿರಲಿಲ್ಲ.

ಒಂದಾದರೂ ತಪ್ಪು ಸಿಕ್ಕಿದ್ದರೆ ನನಗೆ ಧೈರ್ಯ ಬರುತ್ತಿತ್ತು. ‘ಬೇಡ’ ಎನ್ನುವುದು ಸುಲಭ, ಅದರಿಂದ ಯಾರ ಎದೆಯೂ ನಿಲ್ಲುವುದಿಲ್ಲ. ಮತ್ತೆರಡು ಸಲ ಮೊದಲಿನಿಂದ ನೋಡಿದೆ. ಮೂಸಿ ನೋಡಿದೆ. ಫ್ಯಾನನ್ನು ಬೆರಳಿನಿಂದ ತಿರುಗಿಸಿ ಸದ್ದು ಕೇಳಿದೆ. ಇಷ್ಟು ಅಗ್ಗದ ಡಬ್ಬಿಯೊಳಗೆ ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಕಂಡಿರಲಿಲ್ಲ. ಅದೇ ವಿಚಿತ್ರ ಅಂತ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅತ್ತೆಯ ಬಲಗಿವಿಗೆ ಬಾಗಿ, “ಆಗಬಹುದು ಅತ್ತೆ,” ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಎಲ್ಡು ಸಲ ನೋಡ್ದೇನೇ?”

“ಮೂರು ಸಲ.”

“ಹಂಗಾರೆ ನೂಲು ತನ್ನಿ,” ಅಂದಳು.

ತಿಪ್ಪೇಶಣ್ಣ ನೂಲಿನುಂಡೆ ತಂದ. ಒಂದೇ ಥರದ ವಸ್ತು ಹಲವಿದ್ದರೆ ಎಲ್ಲವನ್ನೂ ಬಿಚ್ಚುವುದಿಲ್ಲ. ಬಿಚ್ಚಿದ್ದರ ಕೊರಳಿಗೆ ನೂಲು ಕಟ್ಟಿ, ಅದೇ ಎಳೆಯನ್ನು ಉಳಿದ ಎಲ್ಲದಕ್ಕೂ ಸುತ್ತಿಕೊಂಡು ಬರುತ್ತಾರೆ. ಅಂಗೈ ಒಂದರ ಮೇಲಿದ್ದರೂ ಮಾತು ನೂಲಿನ ಉದ್ದಕ್ಕೂ ಹೋಗುತ್ತದೆ. ಇದು ಮಡಕೆ, ಹಗ್ಗಗಳ ಕಾಲದಿಂದ ಬಂದದ್ದು. ಒಂದು ಆವಿಗೆಯಲ್ಲಿ ಬೆಂದ ಮಡಕೆಗಳಲ್ಲಿ ಒಂದನ್ನು ಬಡಿದು ನೋಡಿದರೆ ಉಳಿದವುಗಳ ಹಣೆಬರಹವೂ ಗೊತ್ತಾಗುತ್ತಿತ್ತಂತೆ.

ನಲವತ್ತಕ್ಕೂ ನೂಲು ಸುತ್ತಿ ಮುಗಿದ ಮೇಲೆ ಅತ್ತೆ ಮುಂದಕ್ಕೆ ಬಾಗಿದಳು. ತನ್ನ ಬಲಗೈ ಎಲ್ಲಿದೆಯೆಂದು ಕಣ್ಣಿನಿಂದಲೇ ನೋಡಿಕೊಂಡು, ಅದನ್ನು ಡಬ್ಬಿಯ ಮೇಲೆ ಇಟ್ಟು, “ಒಳ್ಳೇದು,” ಅಂದಳು. ಮೇಷ್ಟ್ರು ಅಷ್ಟು ಹೊತ್ತು ತಡೆದಿದ್ದ ಕೆಮ್ಮನ್ನು ಕೆಮ್ಮಿದರು. ತಿಪ್ಪೇಶಣ್ಣ ಎಲ್ಲರಿಗೂ ಬೆಲ್ಲದ ನೀರು ಕೊಟ್ಟ. “ಸಾಕಮ್ಮಕ್ಕ ಕೈಯಿಟ್ಳು ಅಂದ್ರೆ ಆಯ್ತು ಬಿಡಿ, ಮಕ್ಳು ಡಬ್ಬಿ ಮೇಲೆ ಕುಣುದ್ರೂ ಏನೂ ಆಗಲ್ಲ,” ಅಂದ. ಅತ್ತೆ ನಕ್ಕು, “ಕುಣಿಯೋದು ನೀನು, ಬೀಳೋದು ನಾನು,” ಎಂದು ಮೇಷ್ಟ್ರ ಜೊತೆ ಮನೆಯ ಕಡೆ ಹೊರಟಳು.

ಸುತ್ತಿದ ನೂಲನ್ನು ಕೈಯಿಟ್ಟವರ ಮನೆಯವರೇ ಬಿಚ್ಚಿ ಒಲೆಗೆ ಹಾಕಬೇಕು. ಅದಕ್ಕೆ ನಾನು ಉಳಿದೆ. ತಿಪ್ಪೇಶಣ್ಣ ಊಟಕ್ಕೆ ಒಳಗೆ ಹೋದ. ಬಿಚ್ಚಿದ್ದ ಡಬ್ಬಿಯ ಸ್ಕ್ರೂ ಬಿಗಿದು ಪಕ್ಕಕ್ಕಿಟ್ಟೆ. ಎರಡನೆಯದನ್ನು ಎತ್ತಿ ನೂಲು ಬಿಡಿಸಿದೆ. ಅದರ ತೂಕ ನನ್ನ ಅಂಗೈಯಲ್ಲಿ ಬೇರೆ ಕಡೆ ಕೂತಿತು.

ಹೇಗೆ ಹೇಳುವುದೋ ಗೊತ್ತಿಲ್ಲ. ಮೊದಲನೆಯದರ ಭಾರ ಟ್ರಾನ್ಸ್‌ಫಾರ್ಮರ್ ಇರುವ ಪಕ್ಕಕ್ಕೆ ವಾಲುತ್ತಿತ್ತು. ಇದು ಅಷ್ಟೇ ಭಾರವಿತ್ತು, ಆದರೆ ಭಾರವೆಲ್ಲ ತಳದ ಒಂದು ಮೂಲೆಯಲ್ಲಿ ಕಲ್ಲಿಟ್ಟಂತೆ ಇತ್ತು. ಮೂರನೆಯದನ್ನು ಎತ್ತಿದೆ. ಅದೂ ಹಾಗೇ. ನಾಲ್ಕನೆಯದೂ ಹಾಗೇ. ಟಾರ್ಚನ್ನು ಫ್ಯಾನಿನ ಜಾಲರಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಮೂಲೆಯಲ್ಲಿ ಬೂದು ಬಣ್ಣದ ಗಡ್ಡೆಯೊಂದು ಕಂಡಿತು. ತಲೆಯ ಪಿನ್ನು ತೆಗೆದು ಜಾಲರಿಯಲ್ಲಿ ತೂರಿಸಿ ಕೆರೆದೆ. ಪಿನ್ನಿನ ತುದಿಗೆ ಪುಡಿ ಅಂಟಿ ಬಂತು. ನಾಲಿಗೆಗೆ ತಾಗಿಸಿದೆ. ಸಿಮೆಂಟು.

ಮುಂದಿನದನ್ನು ಮಾಡಲು ನನಗೆ ಅಧಿಕಾರ ಇರಲಿಲ್ಲ. ಆದರೂ ಮಾಡಿದೆ. ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಸುರುಳಿಗಳಿರಬೇಕಾದ ಜಾಗ ಬೋಳಾಗಿತ್ತು, ಎರಡು ತುಂಡು ತಂತಿ ಬೆಸೆದಿದ್ದರು. ಫ್ಯೂಸಿನ ಜಾಗದಲ್ಲೂ ತಂತಿಯೇ. ಟ್ರಾನ್ಸ್‌ಫಾರ್ಮರು ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು. ಕೆಪಾಸಿಟರಿನ ಹೊದಿಕೆಯನ್ನು ಉಗುರಿನಿಂದ ಎತ್ತಿದರೆ ಒಳಗೆ ಇನ್ನೊಂದು ಹೊದಿಕೆ, ಅದರ ಮೇಲೆ ಮೊದಲನೆಯದರ ಕಾಲು ಭಾಗದ ಅಂಕಿ. ಅಲ್ಯೂಮಿನಿಯಂ ಪಟ್ಟಿ ಬಿಸ್ಕತ್ತಿನ ಡಬ್ಬದ ತಗಡಿನಷ್ಟು ತೆಳುವು. ಬೋರ್ಡನ್ನು ತಿರುವಿದಾಗ ಬದುವಿನ ಜಾಗದಲ್ಲಿ ಬೆಸುಗೆ ಎರಡೂ ಕಡೆಯಿಂದ ಉಕ್ಕಿ ಬಂದು ನಿಂತಿತ್ತು. ನಡುವೆ ಒಂದು ಅಕ್ಕಿಕಾಳು ನಿಲ್ಲಿಸುವಷ್ಟೂ ಜಾಗವಿರಲಿಲ್ಲ. ಇದು ಹೇಗೆ ಕೆಡುತ್ತದೆ ಎಂದು ನನಗೆ ಗೊತ್ತಿತ್ತು. ಮೆಲ್ಲಗೆ ಸಾಯುವ ಡಬ್ಬಿಗಳಿರುತ್ತವೆ. ಇದು ಹಾಗಲ್ಲ, ಹಚ್ಚಿದ ಕೆಲವೇ ಹೊತ್ತಿನಲ್ಲಿ ಸಿಡಿಯುವಂಥದ್ದು, ಗೋಡೆಯ ಕರೆಂಟನ್ನು ಹಾಗೇ ಈಚೆಗೆ ಬಿಡುವಂಥದ್ದು.

ನನ್ನ ಕೈಯಲ್ಲಿ ನೂಲು ಇತ್ತು. ಅದು ಮೊದಲ ಡಬ್ಬಿಯಿಂದ ಹೊರಟು ಉಳಿದ ಮೂವತ್ತೊಂಬತ್ತನ್ನೂ ಸುತ್ತಿ ಬಂದಿತ್ತು.

“ಯಾರು ಬಿಚ್ಚು ಅಂದೋರು?” ತಿಪ್ಪೇಶಣ್ಣ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ.

ಡಬ್ಬಿಯನ್ನು ಅವನ ಕಡೆ ತಿರುಗಿಸಿದೆ. ಅವನು ಬಗ್ಗಿ ನೋಡಿದ. ಸಿಮೆಂಟಿನ ಗಡ್ಡೆಯನ್ನು ನೋಡಿ ಅವನಿಗೆ ಆಶ್ಚರ್ಯವಾಗಲಿಲ್ಲ. ಅದನ್ನು ನಾನು ಗಮನಿಸಿದೆ.

“ಕಳಿಸೋರು ಮೇಲೊಂದು ಸ್ಯಾಂಪಲ್ಲು ಇಟ್ಟು ಕಳಿಸ್ತಾರೆ ಕಣವ್ವ. ಎಲ್ಲಾ ಕಡೆ ಹಂಗೇ. ಮೇಷ್ಟ್ರು ತಾವೇ ಅದುನ್ನ ಎತ್ಕಂಡ್ರು. ನಾನೇನು ಅವ್ರ ಕೈ ಹಿಡುದು ಕೊಟ್ನಾ?”

“ನಿಮಗೆ ಗೊತ್ತಿತ್ತಾ?” ಅಂದೆ.

“ನಾನು ಅಂಗಡಿಯೋನು. ನಂಗೆ ರಟ್ಟು ಗೊತ್ತು, ಒಳಗಿಂದು ಗೊತ್ತಿಲ್ಲ. ಒಳ್ಳೇದು ಅಂತ ನಾನು ಅಂದಿಲ್ಲ. ಅಂದಿದ್ದು ನಿಮ್ಮತ್ತೆ. ನೋಡಿದ್ದು ನೀನು.” ಅವನು ಮುಚ್ಚಳವನ್ನು ಎತ್ತಿ ಡಬ್ಬಿಯ ಮೇಲೆ ಹಾಕಿದ. “ಸ್ಕ್ರೂ ಬಿಗಿ. ಗಾಡಿ ಬರತ್ತೆ ಈಗ.”

ಆಡಿದ ಮಾತನ್ನು ವಾಪಸು ತೆಗೆದುಕೊಂಡವರು ನಮ್ಮೂರಿನಲ್ಲಿ ಯಾರೂ ಇಲ್ಲ. ಕೈ ತೊಳೆದವರಿದ್ದಾರೆ, ನೂಲು ಕಡಿದವರಿದ್ದಾರೆ, ಕೈಯನ್ನೇ ಸುಟ್ಟುಕೊಂಡವನೊಬ್ಬನಿದ್ದ. ಪ್ರಯೋಜನವಾಗಲಿಲ್ಲ. ದಾರಿ ಇರುವುದು ಒಂದೇ: ಬಳಸದ ವಸ್ತು ಕೆಡುವುದಿಲ್ಲ. ಹಳ್ಳದ ಮೇಲಿನ ಹಗ್ಗದ ಸೇತುವೆಗೆ ಕೈಯಿಟ್ಟಿದ್ದ ಮುದುಕನಿಗೋಸ್ಕರ ಊರವರು ಅದರ ಎರಡೂ ತುದಿಗೆ ಮುಳ್ಳು ಬೇಲಿ ಹಾಕಿ, ಮೂವತ್ತು ವರ್ಷ ಮೂರು ಮೈಲಿ ಸುತ್ತಿಕೊಂಡು ಓಡಾಡಿದ್ದರಂತೆ. ಅವನು ಹಾಸಿಗೆಯ ಮೇಲೆ, ನಿದ್ದೆಯಲ್ಲಿ ಸತ್ತನಂತೆ. ಮನೆಗೆ ಓಡುವಾಗ ದಾರಿಯುದ್ದಕ್ಕೂ ಆ ಬೇಲಿಯನ್ನೇ ನೆನೆಸಿಕೊಂಡೆ.

ಅತ್ತೆ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬೆರಳಿಗೆ ಗೊತ್ತಾಗದ ಕಾರಣ ಪ್ರತಿ ಕಾಯನ್ನೂ ಕಣ್ಣ ಹತ್ತಿರ ಹಿಡಿದು ಸುಲಿಯುತ್ತಾಳೆ. ನಾನು ಹೇಳಿ ಮುಗಿಸುವವರೆಗೆ ಅವಳು ಕೈ ನಿಲ್ಲಿಸಲಿಲ್ಲ.

“ಎಷ್ಟು?” ಅಂದಳು.

“ಎತ್ತಿ ನೋಡಿದ್ದೆಲ್ಲ ಹಂಗೇ ಇದ್ವು. ಮೊದಲ್ನೇದು ಬಿಟ್ಟು.”

ಅವಳು ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದಳು, ಸಿಪ್ಪೆಯನ್ನು ಕಾಳಿನ ಪಾತ್ರೆಗೆ. ನನ್ನ ಅತ್ತೆ ಹೆದರಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ನೀನು ನೋಡಿದ್ದು ಸರಿಯಾಗೇ ನೋಡಿದೀಯ,” ಅಂದಳು. “ನೋಡಿದ ಡಬ್ಬಿ ಸರಿಯಾಗೇ ಇತ್ತು. ನೂಲು ತನ್ನಿ ಅಂದೋಳು ನಾನು. ಮಡಕೆ ಕಾಲದ ನೂಲು. ಇವನ್ನ ಯಾರು ಮಾಡಿದ್ರೋ, ಎಲ್ಲಿ ಮಾಡಿದ್ರೋ, ಒಂದು ಕೈನವೋ ನೂರು ಕೈನವೋ. ಕೇಳ್ಲೇ ಇಲ್ಲ ನೋಡು ನಾನು.” ಎದೆಯ ಮೇಲೆ ಕೈಯಿಟ್ಟುಕೊಂಡಳು. ಆ ಕೈಗೆ ಒಳಗಿನ ಬಡಿತ ಗೊತ್ತಾಗುವುದಿಲ್ಲ. “ರೆಗ್ಯುಲೇಟರಿಗೆ ಹತ್ತು ಎಣಿಸ್ದೆ ಅಂದೆ ಅಲ್ವಾ?”

“ಹೂಂ.”

“ಇದು ಅದುಕ್ಕಿಂತ ಎಷ್ಟು ದೊಡ್ಡದು?”

ಕಾಳನ್ನೂ ಸಿಪ್ಪೆಯನ್ನೂ ನಾನು ಬೇರೆ ಮಾಡತೊಡಗಿದೆ. ಅವಳು ನನ್ನ ಕೈ ತಡೆದಳು. “ಹೋಗಿ ಮೇಷ್ಟ್ರಿಗೆ ಹೇಳು ಹೊನ್ನಿ. ಅವ್ರು ತಿಳುದೋರು. ಹಚ್ಚಬ್ಯಾಡಿ ಅನ್ನು. ನೀನೇ ಹೇಳ್ಬೇಕು. ಒಳಗಿಂದು ಕಂಡೋಳು ನೀನು.”

ಎದುರಿಗೆ ನಿಂತು ಗಂಡಸರ ಜೊತೆ ಮಾತಾಡುವುದು ನನ್ನಿಂದ ಆಗುವ ಕೆಲಸವಲ್ಲ. ಮೇಷ್ಟ್ರ ಮನೆಯ ಮುಂದಿನ ತುಳಸಿಕಟ್ಟೆಯನ್ನು ಮೂರು ಸಲ ದಾಟಿ ಹೋಗಿ ಬಂದೆ. ಕೊನೆಗೆ ಅವರೇ ನೋಡಿ, “ಏನ್ ತಾಯಿ?” ಎಂದು ಈಚೆ ಬಂದರು. ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ. ಸುರುಳಿ, ಫ್ಯೂಸು, ಸಿಮೆಂಟು, ಬೆಸುಗೆ. ಅವರು ಅಡ್ಡ ಮಾತಾಡದೆ ಕೇಳಿದರು. ತಿಪ್ಪೇಶಣ್ಣನನ್ನು ಒಂದು ಕೆಟ್ಟ ಮಾತಿನಿಂದ ಬೈದರು. ನನಗೆ ಜೀವ ಬಂದಂತಾಯಿತು.

“ಅವ್ನು ವಾಪಸ್ ತಗಳಲ್ಲ,” ಅಂದರು ಆಮೇಲೆ. “ಬೇರೆ ತರ್ಬೇಕು ಅಂದ್ರೆ ಇನ್ನೊಂದು ವರ್ಷ. ಈ ಮಕ್ಳು ಅಷ್ಟ್ರಲ್ಲಿ ಶಾಲೆ ಮುಗ್ಸಿ ಹೋಗಿರ್ತಾರೆ. ಎರಡು ವರ್ಷದಿಂದ ಕಾಯ್ಕಂಡಿದಾವೆ ಕಣಮ್ಮ. ರಟ್ಟಿನ ಮೇಲೆ ಕೀಲಿಮಣೆ ಬರ್ಕಂಡು ಒತ್ತಿ ಒತ್ತಿ ಕಲೀತಿದಾವೆ.” ಟವೆಲ್ಲನ್ನು ಹೆಗಲಿನಿಂದ ತೆಗೆದು ಮಡಚಿ ಮತ್ತೆ ಹೆಗಲಿಗೆ ಹಾಕಿಕೊಂಡರು. “ಒಂದು ಕೇಳ್ತೀನಿ, ನಿಜ ಹೇಳು. ಡಬ್ಬಿ ಸಿಡುದ್ರೆ ಮಕ್ಳಿಗೆ ಏನಾದ್ರೂ ಆಗತ್ತಾ?”

ಸುಳ್ಳು ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. “ಇಲ್ಲ,” ಅಂದೆ. “ಕೈಯಿಟ್ಟಾಗಿದೆ.”

“ಹೂಂ,” ಅಂದರು. ಅಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದವರು ಈಗ ತುಳಸಿಕಟ್ಟೆಯ ಕಡೆ ನೋಡಿದರು. “ಎಲ್ಲಾನೂ ಒಂದೇ ಸಲ ಹಚ್ಚಲ್ಲ ಬಿಡು. ಅತ್ತೆಗೆ ಹುಷಾರಾಗಿರಕ್ಕೆ ಹೇಳು. ಬಿಸಿ ಬಿಸಿ ಏನಾದ್ರೂ ಕುಡೀಲಿ.”

ಮರುದಿನ ಬೆಳಿಗ್ಗೆ ಶಾಲೆಯಿಂದ ಇಬ್ಬರು ಗಂಡಸರು ಕೈಯಿರುವ ಕುರ್ಚಿಯೊಂದನ್ನು ಹೊತ್ತು ತಂದರು. ಹೊಸ ವಸ್ತು ಬಳಸುವ ಮೊದಲ ದಿನ ಕೈಯಿಟ್ಟವರನ್ನು ಕೂರಿಸಿ ಮರ್ಯಾದೆ ಮಾಡುವುದು ಪದ್ಧತಿ. ಅತ್ತೆ ಬರುವುದಿಲ್ಲ ಎನ್ನುತ್ತಾಳೆ ಅಂದುಕೊಂಡೆ. ಅವಳು ಒಗೆದ ಸೀರೆ ಉಟ್ಟು ಹೊರಗೆ ಬಂದು ಕುರ್ಚಿಯಲ್ಲಿ ಕೂತಳು. “ಮನೇಲಿ ಕೂತ್ರೂ ಬರೋದು ಬರತ್ತೆ. ಅಲ್ಲಿ ಕೂತ್ರೆ ಮುಖ ನೋಡಾದ್ರೂ ಬಿಟ್ಟಾರು,” ಎಂದು ನನಗಷ್ಟೇ ಕೇಳುವಂತೆ ಹೇಳಿದಳು. ಚಪ್ಪಲಿಗಳನ್ನು ಎಡಬಲ ಅದಲುಬದಲು ಹಾಕಿಕೊಂಡಿದ್ದಳು. ನಾನು ಬಗ್ಗಿ ಸರಿಮಾಡಿದೆ.

ಶಾಲೆಯ ಜಗಲಿಯಲ್ಲಿ, ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಎದುರಾಗಿ ಕುರ್ಚಿ ಇಟ್ಟರು. ಆ ಜಾಗದಿಂದ ಒಳಗಿನವರಿಗೆ ಅವಳೂ, ಅವಳಿಗೆ ಒಳಗಿನವರೂ ಕಾಣುತ್ತಿದ್ದರು. ಕೊರಳಿಗೆ ಸೇವಂತಿಗೆ ಹಾರ ಹಾಕಿ, ತಾಂಬೂಲ ಕೊಟ್ಟರು. ಕೋಣೆಯೊಳಗೆ ಐದು ಸಾಲು, ಸಾಲಿಗೆ ಎಂಟು ಕಂಪ್ಯೂಟರು, ರಾತ್ರಿಯೇ ಎಲ್ಲಕ್ಕೂ ಡಬ್ಬಿ ಕೂರಿಸಿದ್ದರು. ಒಂದೊಂದರ ಮುಂದೆ ಇಬ್ಬಿಬ್ಬರು ಮಕ್ಕಳು, ಎಣ್ಣೆ ಹಚ್ಚಿ ಬಾಚಿದ ತಲೆಗಳು. ಗೋಡೆಯುದ್ದಕ್ಕೂ ತಂದೆತಾಯಿಯರು ನಿಂತಿದ್ದರು. ಅವರು ನನ್ನತ್ತೆಯ ಕಡೆ ನೋಡುತ್ತಿದ್ದ ರೀತಿಯಿಂದಲೇ ನನಗೆ ತಿಳಿಯಿತು, ಸುದ್ದಿ ಎಲ್ಲರಿಗೂ ಮುಟ್ಟಿತ್ತು. ನೋಡುತ್ತಿದ್ದರು, ನಾನು ನೋಡಿದೊಡನೆ ಕಣ್ಣು ತೆಗೆಯುತ್ತಿದ್ದರು. ಸಾಲಿಗೊಂದರಂತೆ ಗೋಡೆಯ ಮೇಲೆ ಐದು ದೊಡ್ಡ ಸ್ವಿಚ್ಚುಗಳಿದ್ದವು. ಹಾಲಪ್ಪ ಮೇಷ್ಟ್ರು ಮೊದಲನೆಯದನ್ನು ಒತ್ತಿದರು.

ಎಂಟು ಫ್ಯಾನುಗಳು ಒಟ್ಟಿಗೆ ತಿರುಗಿದವು. ಎಂಟು ಪರದೆಗಳು ಬೆಳಗಿದವು. ಮಕ್ಕಳು “ಓ” ಎಂದರು. ನಾನು ಬಾಗಿಲಿನ ಚೌಕಟ್ಟು ಹಿಡಿದು ನಿಂತು ಎಣಿಸುತ್ತಿದ್ದೆ. ಇಪ್ಪತ್ತು. ನಲವತ್ತು. ಅರವತ್ತಕ್ಕೆ ಬರುವಷ್ಟರಲ್ಲಿ, ಬಹುಶಃ ಏನೂ ಆಗುವುದಿಲ್ಲ, ನಾನು ನೋಡಿದ್ದೇ ತಪ್ಪಿರಬಹುದು ಎಂದು ಆಸೆಪಟ್ಟೆ.

ನಾಲ್ಕನೆಯ ಕಂಪ್ಯೂಟರಿನಿಂದ ಟಪ್ ಎಂಬ ಸದ್ದು ಬಂತು. ಹಿಂಬದಿಯಿಂದ ನೀಲಿ ಬೆಳಕೊಂದು ಹಾರಿ, ಕೀಲಿಮಣೆಯ ಮೇಲೆ ಕೈಯಿಟ್ಟಿದ್ದ ಹುಡುಗಿಯ ಬೆರಳುಗಳನ್ನು ದಾಟಿ ಹೋಯಿತು. ಪರದೆ ಕಪ್ಪಾಯಿತು. ಸುಟ್ಟ ಮೀನಿನಂಥ ವಾಸನೆ ಬಂತು. ಹುಡುಗಿ ತನ್ನ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡು ನಕ್ಕಳು. “ಕಚಗುಳಿ ಇಟ್ಟಂಗಾಯ್ತು,” ಎಂದು ಪಕ್ಕದವಳಿಗೆ ಹೇಳಿದಳು.

ನಾನು ಹಿಂದಕ್ಕೆ ತಿರುಗಿದೆ. ಅತ್ತೆಯ ತಲೆ ಹಾರದ ಮೇಲೆ ಬಾಗಿತ್ತು. ಹೋಗಿ ನಾಡಿ ಹಿಡಿದೆ. ಹತ್ತು ಎಣಿಸಿದೆ. ಹದಿನೈದು. ಇಪ್ಪತ್ತೆರಡಕ್ಕೆ ಅವಳ ಮಣಿಕಟ್ಟಿನಲ್ಲಿ ಒಂದು ಬಡಿತ ಬಂತು. ತುಂಬ ಹೊತ್ತಾದ ಮೇಲೆ ಇನ್ನೊಂದು. ಅವಳು ಕಣ್ಣು ಬಿಟ್ಟಳು. ಆದರೆ ನನ್ನ ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಒಂದೇನಾ?” ಅಂದಳು. ತುಟಿಗಳು ನೇರಳೆ ಹಣ್ಣು ತಿಂದಂತಾಗಿದ್ದವು.

ಕೋಣೆಯೊಳಗೆ ಆ ಹುಡುಗಿಯ ತಾಯಿ ಮಗಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಅಳುತ್ತಿದ್ದಳು. “ಏನೂ ಆಗಿಲ್ಲ, ನನ್ ಕೂಸಿಗೆ ಏನೂ ಆಗಿಲ್ಲ,” ಎಂದು ಹೇಳುತ್ತಲೇ ಇದ್ದಳು. ಉಳಿದ ತಾಯಂದಿರು ಎದೆಯ ಮೇಲಿನ ಕೈಯನ್ನು ಕೆಳಗಿಳಿಸಿದರು. ಮೊದಲ ಸಾಲಿನಲ್ಲಿ ಏಳು ಪರದೆಗಳು ಇನ್ನೂ ಬೆಳಗುತ್ತಿದ್ದವು. ಹಿಂದಿನ ಸಾಲುಗಳ ಮಕ್ಕಳು ಕಪ್ಪು ಪರದೆಗಳ ಮುಂದೆ ಕೂತು, ನಮ್ಮದು ಯಾವಾಗ ಎಂಬಂತೆ ಮೇಷ್ಟ್ರನ್ನೇ ನೋಡುತ್ತಿದ್ದರು. ಮೇಷ್ಟ್ರ ಕೈ ಎರಡನೆಯ ಸ್ವಿಚ್ಚಿನ ಮೇಲಿತ್ತು.

ನಾನು ಬಾಗಿಲು ದಾಟಿ ಒಳಗೆ ಹೋದೆ. ಅಷ್ಟು ಜನರ ನಡುವೆ ನಾನು ಯಾವತ್ತೂ ನಿಂತಿರಲಿಲ್ಲ. ಆದರೂ ಕೊನೆಯ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ ಮಾತು ಬಂತು.

“ಮೇಷ್ಟ್ರೇ, ಅದನ್ನ ಆರಿಸಿ,” ಅಂದೆ. “ಇನ್ನೊಂದು ಹಚ್ಚಬೇಡಿ.”

ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿಯೇ ನಿಂತಿದ್ದರು. ಗೋಡೆಗೆ ಒರಗಿದ್ದವರು ತಮ್ಮ ತಮ್ಮ ಮಕ್ಕಳ ತಲೆಗಳನ್ನು ನೋಡುತ್ತಿದ್ದರು. ಏಳು ಫ್ಯಾನುಗಳು ತಿರುಗುವ ಸದ್ದೊಂದೇ ಇತ್ತು.

“ಆರಿಸಿ,” ಅಂದೆ.